ಇಪ್ಪತ್ತು ಹಾಳೆ, ಇಪ್ಪತ್ತು ಸಹಿ

ಆ ಯಜಮಾನರಿಗೆ ಸಹಿ ಕಲಿಸಿದವಳು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲೆ ನಡೆದದ್ದರಲ್ಲಿ ನನ್ನ ಪಾಲೆಷ್ಟು ಎಂದು ಯಾರಾದರೂ ಕೇಳಿದರೆ ಬಹಳ ದಿನ ಮಾತು ತೇಲಿಸುತ್ತಿದ್ದೆ. ಈಗ ತೇಲಿಸುವ ವಯಸ್ಸು ದಾಟಿದೆ.

ಆಗ ನಾನು ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ದಾರಿಯ ಒಂದು ಹಳ್ಳಿಯ ಬ್ಯಾಂಕ್ ಶಾಖೆಯಲ್ಲಿ ಅಧಿಕಾರಿಯಾಗಿದ್ದೆ. ಮನೆ ಚಿತ್ರದುರ್ಗದಲ್ಲಿ. ಬೆಳಗ್ಗೆ ಡಬ್ಬಿ ಕಟ್ಟಿಕೊಂಡು ಬಸ್ಸು ಹತ್ತಿದರೆ ಹೊಳಲ್ಕೆರೆಯಲ್ಲಿ ಇಳಿದು ಇನ್ನೊಂದು ಬಸ್ಸು. ಶಾಖೆಯಲ್ಲಿ ನಾವು ನಾಲ್ಕೇ ಜನ: ಮ್ಯಾನೇಜರು, ನಾನು, ಕ್ಯಾಷಿಯರ್, ಮತ್ತು ನಿವೃತ್ತಿಗೆ ಒಂದು ವರ್ಷ ಬಾಕಿಯಿದ್ದ ಜವಾನ. ಆ ಶಾಖೆ ಈಗಿಲ್ಲ, ಬೇರೊಂದರ ಜೊತೆ ಸೇರಿಹೋಯಿತು. ಆ ಕಟ್ಟಡದಲ್ಲಿ ಈಗ ಗೊಬ್ಬರದ ಮೂಟೆ ಪೇರಿಸಿದ್ದಾರೆ. ಆ ದಾರಿಯಲ್ಲಿ ಹೋಗುವಾಗ ಬಸ್ಸಿನ ಕಿಟಕಿಯಿಂದ ಇವತ್ತಿಗೂ ಕತ್ತು ತಿರುಗಿಸಿ ನೋಡುತ್ತೇನೆ. ಮಳೆಗಾಲದಲ್ಲಿ ಒದ್ದೆ ಕಂಬಳಿ ಹೊದ್ದವರೆಲ್ಲ ಒಳಗೆ ಬಂದು ನಿಂತಾಗ ಬರುತ್ತಿದ್ದ ಕುರಿಯ ವಾಸನೆಗೆ ಮೂಗು ಮುಚ್ಚುತ್ತಿದ್ದವಳು ನಾನು. ಈಗ ತಂಪು ಹವೆಯ ಕಚೇರಿಯಲ್ಲಿ ಕೂತು ಆ ವಾಸನೆಗಾಗಿ ಹಂಬಲಿಸುತ್ತೇನೆ ಅಂದರೆ ನನ್ನ ಗಂಡ ನಗುತ್ತಾರೆ.

ಯಜಮಾನರದು ಇನ್ನೂರು ಕುರಿಯ ಹಿಂಡು. ವಯಸ್ಸು ಎಪ್ಪತ್ತರ ಹತ್ತಿರ. ಹೆಬ್ಬೆಟ್ಟಿನ ಖಾತೆ. ಹೆಬ್ಬೆಟ್ಟಿನವರಿಗೆ ನಾವು ಚೆಕ್ ಪುಸ್ತಕ ಕೊಡುತ್ತಿರಲಿಲ್ಲ. ಒಂದು ಸಂತೆಯ ದಿನ ಬಂದು ಕೌಂಟರಿನ ಮೇಲೆ ಎರಡೂ ಕೈ ಊರಿದರು.

‘ಮೇಡಮ್ಮಾರೆ, ನಂಗೊಂದು ಚೆಕ್ ಬುಕ್ಕು ಬೇಕು.’

‘ಯಾಕಜ್ಜ? ಸಹಿ ಬರಲ್ವಲ್ಲ ನಿಮಗೆ.’

‘ಕಲಿಸ್ರಿ ಮತ್ತೆ. ಕುರಿಗೆ ಹಾದಿ ಕಲಿಸೀನಿ, ಬೆರಳಿಗೆ ಕಲಿಸಾಕಾಗಲ್ವ?’ ಎಂದು ತಮ್ಮ ಬೆರಳನ್ನೇ ಎತ್ತಿ ತೋರಿಸಿದರು.

ಕಾರಣ ಆಮೇಲೆ ತಿಳಿಯಿತು. ಅವರಿಗೆ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಗಂಡುಮಕ್ಕಳಿಗೆ ಮನೆ, ಹೊಲ ಹಂಚಿಯಾಗಿತ್ತು. ಮಗಳು ಗಂಡನ ಮನೆ ಬಿಟ್ಟು ಬಂದು ಹತ್ತು ವರ್ಷವಾಗಿತ್ತು, ಅಪ್ಪನ ಜೊತೆಗಿದ್ದಳು. ಹೊಳಲ್ಕೆರೆಯ ಹೊರಗೆ ಅವಳ ಹೆಸರಿಗೆ ಒಂದು ಸೈಟು ಕೊಡಿಸಬೇಕು ಎನ್ನುವುದು ಅವರ ಹಟ. ಸೈಟಿನವರು ಚೆಕ್ಕಿನಲ್ಲೇ ಹಣ ಬೇಕು ಅಂದಿದ್ದರಂತೆ. ‘ನಾ ಹೋದ ಮ್ಯಾಲೆ ನನ್ನ ಮಗಳಿಗೆ ಯಾರೂ ಎದ್ದೋಗು ಅನ್ನಬಾರ್ದು’ ಎಂದು ಹೇಳಿ, ಆ ಮಾತು ತಮಗೇ ಭಾರವಾದಂತೆ ಹೊರಗೆ ಹೋಗಿ ಎಲೆಅಡಿಕೆ ಉಗಿದು ಬಂದರು.

ನಾಲ್ಕು ಸಂತೆ ಕಲಿಸಿದೆ. ಹಳೆಯ ಚಲನ್‌ಗಳ ಹಿಂಬದಿಯೇ ನಮ್ಮ ಪಾಟಿ. ಮೂರು ಅಕ್ಷರದ ಹೆಸರು, ಅದರಲ್ಲೊಂದು ಒತ್ತು. ಆ ಒತ್ತು ಒಂದು ಸಲ ಕೆಳಗೆ, ಒಂದು ಸಲ ಪಕ್ಕಕ್ಕೆ, ಒಂದು ಸಲ ಮುಂದಿನ ಅಕ್ಷರದ ತಲೆಯ ಮೇಲೆ. ನನಗೆ ತಾಳ್ಮೆ ಕಡಿಮೆ. ನಾಲ್ಕನೇ ವಾರ ಗದರಿದೆ: ‘ಅಜ್ಜ, ಎಲ್ಲ ಸಹಿನೂ ಒಂದೇ ತರ ಇರ್ಬೇಕು. ಒಂದು ಹಿಂಗೆ, ಒಂದು ಹಂಗೆ ಇದ್ರೆ ಬ್ಯಾಂಕು ದುಡ್ಡು ಕೊಡಲ್ಲ.’ ಅವರು ತಲೆಯಾಡಿಸಿದರು. ಐದನೇ ಸಂತೆಗೆ ಬಂದು ಮಾದರಿ ಸಹಿಯ ಕಾರ್ಡಿನ ಮೇಲೆ ಹಾಕಿದ್ದು ಅಚ್ಚು ಹೊಡೆದ ಹಾಗಿತ್ತು. ಇಪ್ಪತ್ತು ಹಾಳೆಯ ಚೆಕ್ ಪುಸ್ತಕ ಕೊಟ್ಟೆ. ನನಗೆ ಮೇಷ್ಟ್ರ ಹೆಮ್ಮೆ. ಸಹಿ ಬಿಟ್ಟು ಉಳಿದದ್ದನ್ನು, ಅಂದರೆ ತಾರೀಖು, ಹೆಸರು, ಮೊತ್ತ ಇವನ್ನು ಹೇಗೆ ಬರೆಸಬೇಕು, ಯಾವಾಗ ಬರೆಸಬೇಕು ಎಂದು ನಾನು ಒಂದು ಮಾತೂ ಹೇಳಲಿಲ್ಲ. ಊಟದ ಹೊತ್ತಾಗಿತ್ತು.

ಆಮೇಲಿನ ತಿಂಗಳುಗಳಲ್ಲಿ ಅವರು ಮರಿ ಮಾರಿದ್ದೆಲ್ಲ ಖಾತೆಗೆ ಬಿತ್ತು. ಮೂರು ಲಕ್ಷ ನಲವತ್ತು ಸಾವಿರ ಆಯಿತು. ನೋಂದಣಿ ಬರುವ ಗುರುವಾರ ಎಂದು ಹೇಳಿಹೋದರು. ಸೈಟಿನವರು ಒರಟರು, ಚೆಕ್ಕು ಏನಾದರೂ ವಾಪಸ್ಸಾದರೆ ಸೈಟು ಬೇರೆಯವರಿಗೆ ಎಂದು ಮೊದಲೇ ಎಚ್ಚರಿಸಿದ್ದರು. ಮೂರು ಲಕ್ಷ ಚಿಲ್ಲರೆಗೆ ಮಾತಾಗಿದೆ ಎಂದು ಯಜಮಾನರು ಹೇಳಿದ್ದು ನೆನಪಿತ್ತು. ಆ ಚಿಲ್ಲರೆ ಎಷ್ಟು, ಸೈಟಿನವರ ಹೆಸರೇನು, ನಾನು ಕೇಳಿರಲಿಲ್ಲ.

ಆ ವಾರದ ಸೋಮವಾರ ಮಧ್ಯಾಹ್ನ ಒಂದು ಚೆಕ್ಕು ಬಂತು. ಬಂತು ಅಂದರೆ ಕಾಗದ ಬರಲಿಲ್ಲ. ಹಿರಿಯೂರಿನ ಯಾವುದೋ ಬ್ಯಾಂಕಿನಲ್ಲಿ ಯಾರೋ ಹಾಕಿದ್ದರು, ಅದರ ಚಿತ್ರ ನಮ್ಮ ಪರದೆಗೆ ಬಂತು. ದೊಡ್ಡ ಮೊತ್ತವಾದ್ದರಿಂದ ಶಾಖೆಯೇ ನೋಡಿ ಸಂಜೆ ನಾಲ್ಕರೊಳಗೆ ಹೌದು, ಅಲ್ಲ ಹೇಳಬೇಕು. ಅಲ್ಲ ಅನ್ನುವುದಾದರೆ ಕಾರಣ ಕೊಡಬೇಕು.

ಮೂರು ಲಕ್ಷ ಇಪ್ಪತ್ತೊಂಬತ್ತು ಸಾವಿರದ ಐನೂರು ರೂಪಾಯಿ.

ಸಹಿ ನೋಡಿದೆ. ಮಾದರಿ ಕಾರ್ಡಿನ ಸಹಿಯ ಪಕ್ಕಕ್ಕಿಟ್ಟು ನೋಡಿದೆ. ಒತ್ತು ಕೂಡ ಇರಬೇಕಾದ ಜಾಗದಲ್ಲೇ ಕೂತಿತ್ತು. ತಾರೀಖು ಸರಿ. ಅಕ್ಷರದಲ್ಲಿ ಮೊತ್ತ ಸರಿ, ಕೊನೆಗೆ ‘ಮಾತ್ರ’ ಕೂಡ ಇದೆ. ಹಣ ಪಡೆಯುವವನ ಹೆಸರು ನಾನು ಕೇಳದ್ದು. ಸೈಟಿನವನೇ ಇರಬಹುದು. ನೋಂದಣಿಗೆ ಮುಂಚೆಯೇ ಹಣ ಕೇಳಿರಬಹುದು.

ಪಾಸು ಮಾಡಲು ಗುಂಡಿಯ ಮೇಲೆ ಬೆರಳಿಟ್ಟವಳು ಸುಮ್ಮನೆ ಚಿತ್ರವನ್ನು ದೊಡ್ಡದು ಮಾಡಿದೆ. ಅಂಕಿ ಬರೆಯುವ ಚೌಕದಲ್ಲಿ 9,500 ಎನ್ನುವುದು ದುಂಡಗೆ, ಧಾರಾಳವಾಗಿ, ಬಲಗಡೆ ಕೂತಿತ್ತು. ಅದರ ಹಿಂದಿನ ಮೂರು ಮತ್ತು ಎರಡು ಮಾತ್ರ ಕೊನೇ ಬಸ್ಸಿನ ಫುಟ್‌ಬೋರ್ಡಿನ ಮೇಲೆ ನಿಂತವರ ಹಾಗೆ ಇಕ್ಕಟ್ಟಾಗಿದ್ದವು. ಅಕ್ಷರದಲ್ಲಿ ಬರೆದದ್ದು ಬೇರೊಂದು ಕೈ.

ಯಜಮಾನರ ಫೋನಿಗೆ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗೆ. ಮಗಳ ಫೋನು ಸ್ವಿಚ್ ಆಫ್. ಮ್ಯಾನೇಜರ ಮುಂದೆ ಹೋದೆ.

ಅವರು ಕೆಟ್ಟವರಲ್ಲ, ಭಯಸ್ಥರು. ಚಿತ್ರ ನೋಡಿ, ‘ಸಹಿ ಟ್ಯಾಲಿ ಆಗ್ತದೆ, ಹಣ ಇದೆ, ತಾರೀಖು ಇದೆ. ಮತ್ತೇನು ಬೇಕು ನಿಮಗೆ?’ ಅಂದರು.

‘ಅಂಕಿ ತಿದ್ದಿದ ಹಾಗಿದೆ ಸರ್.’

‘ತಿದ್ದಿದ್ದಲ್ಲ ಮೇಡಂ, ಸೇರಿಸಿದ್ದು. ಸೇರಿಸೋಕೆ ಜಾಗ ಬಿಟ್ಟವರು ಯಾರು? ಸಹಿ ಹಾಕಿ ಖಾಲಿ ಕೊಟ್ರೆ, ತುಂಬ್ಕೋ ಅಂತ ಅಧಿಕಾರ ಕೊಟ್ಟ ಹಾಗೇ ಲೆಕ್ಕ. ಮಾಡಿದ್ದುಣ್ಣೋ ಮಹರಾಯ. ನಾಳೆ ಇದೇ ಸೈಟಿನ ಚೆಕ್ಕು ಅಂತಾದ್ರೆ, ವಾಪಸ್ ಮಾಡಿ ವ್ಯಾಪಾರ ಕೆಡಿಸಿದ್ದಕ್ಕೆ ನೀವು ಉತ್ತರ ಕೊಡ್ತೀರಾ?’

ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ, ಸಿಟ್ಟು ಬಂದದ್ದು ಅದಕ್ಕೇ. ಪಾಸು ಮಾಡಿ ಅದು ಮೋಸವಾಗಿದ್ದರೆ ಮಗಳ ಸೈಟು ಹೋಯಿತು. ವಾಪಸ್ ಮಾಡಿ ಅದು ಸೈಟಿನವರದ್ದೇ ಆಗಿದ್ದರೆ ಆಗಲೂ ಸೈಟು ಹೋಯಿತು. ಗಡಿಯಾರ ಒಂದೂಮುಕ್ಕಾಲು ತೋರಿಸುತ್ತಿತ್ತು.

‘ಹೋಗಿ ಕೇಳ್ಕೊಂಡು ಬರ್ತೀನಿ ಸರ್’ ಅಂದೆ.

‘ಎಲ್ಲಿಗೆ ಹೋಗ್ತೀರಿ? ಕುರಿ ಹಿಂದೆ ಅಲೀತೀರಾ?’

ಜವಾನ ಬಾಗಿಲಲ್ಲೇ ನಿಂತಿದ್ದ. ‘ಮಂದೆ ಎಲ್ಲೈತೆ ಅಂತ ಕೇಳಿದ್ರೆ ಯಾರಾದ್ರೂ ಹೇಳ್ತಾರೆ. ಬರ್ರಿ ಮೇಡಂ, ಹೋಗಾಣ’ ಎಂದು ತನ್ನ ಮೊಪೆಡ್ ಹೊರಗೆ ತಂದ.

ನಮ್ಮ ಕಡೆ ಗೊಬ್ಬರಕ್ಕಾಗಿ ರೈತರು ಕುರಿಯವರನ್ನು ಕರೆದು ಹೊಲದಲ್ಲಿ ಮಂದೆ ಕೂರಿಸಿಕೊಳ್ಳುತ್ತಾರೆ. ಎರಡು ದಿನ ಒಬ್ಬರ ಹೊಲ, ಮೂರು ದಿನ ಇನ್ನೊಬ್ಬರದು. ಹೀಗಾಗಿ ಕುರಿಯವರ ವಿಳಾಸ ವಾರಕ್ಕೆರಡು ಸಲ ಬದಲಾಗುತ್ತದೆ. ಟೀ ಅಂಗಡಿಯಲ್ಲಿ ಕೇಳಿದೆವು, ಹಾಲಿನ ಡೈರಿಯಲ್ಲಿ ಕೇಳಿದೆವು. ಒಬ್ಬರು ತೋರಿಸಿದ ಹೊಲದಲ್ಲಿ ಬರೀ ಹಿಕ್ಕೆ ಇತ್ತು. ‘ನಿನ್ನೆನೇ ಎಬ್ಬಿಸ್ಕಂಡು ಹೋದ್ರು, ಆ ಗುಡ್ಡದ ಆಚೆ’ ಅಂದಳು ಕಳೆ ತೆಗೆಯುತ್ತಿದ್ದ ಹೆಂಗಸು. ಮೊಪೆಡ್ ಗುಡ್ಡ ಏರಲಿಲ್ಲ. ಜವಾನ ತಳ್ಳಿದ, ನಾನು ಸೀರೆ ಎತ್ತಿಕಟ್ಟಿ ಹಿಂದೆ ನಡೆದೆ. ಬೈದುಕೊಳ್ಳುತ್ತಲೇ ನಡೆದೆ: ಮ್ಯಾನೇಜರಿಗೆ, ಬಿಸಿಲಿಗೆ, ಯಜಮಾನರಿಗೆ, ಅಷ್ಟು ಚೆಂದದ ಸಹಿಗೆ.

ಮೂರು ಗಂಟೆಯ ಹೊತ್ತಿಗೆ ಸಿಕ್ಕರು. ಬೇಲಿಜಾಲಿಯ ನೆರಳಲ್ಲಿ ಒಂದು ಕುಂಟು ಕುರಿಯ ಗೊರಸು ನೋಡುತ್ತಿದ್ದರು. ನನ್ನನ್ನು ಕಂಡು ಗಾಬರಿಯಾಗಿ ಎದ್ದರು.

‘ಏನವ್ವ, ಇಷ್ಟು ದೂರ? ಕುಂತ್ಕಳ್ರಿ, ಮೊದ್ಲು ನೀರು ಕುಡೀರಿ.’

ನೀರು ಕುಡಿಯದೆ, ಪರದೆಯಿಂದ ಅಚ್ಚು ತೆಗೆದು ತಂದಿದ್ದ ಚೆಕ್ಕಿನ ಪ್ರತಿ ಬಿಚ್ಚಿ ಹಿಡಿದೆ. ‘ಇದು ನಿಮ್ದಾ ಅಜ್ಜ?’

ಹಾಳೆಯನ್ನು ಕೈಯಳತೆ ದೂರದಲ್ಲಿ ಹಿಡಿದು ನೋಡಿ ಮುಖ ಅರಳಿಸಿದರು. ‘ನಂದೇ! ನೋಡು, ಎಷ್ಟು ನೆಟ್ಟಗೈತೆ.’

‘ಸಹಿ ಬಿಡ್ರಿ. ಯಾರಿಗೆ ಕೊಟ್ರಿ? ಎಷ್ಟಕ್ಕೆ ಕೊಟ್ರಿ?’

‘ಹಿಂಡಿ ಅಂಗಡಿಯೋರಿಗೆ. ಒಂಬತ್ತೂವರೆ ಸಾವ್ರ. ಬರ್ಕಳ್ರಿ ಅಂದೆ, ಬರ್ಕಂಡ್ರು.’

‘ಸೈಟಿನೋರಿಗೆ ಇನ್ನೂ ಕೊಟ್ಟಿಲ್ವಾ?’

‘ಅವ್ರಿಗೆ ಗುರುವಾರ.’

ನಾನು ಅಲ್ಲೇ ಕೂತುಬಿಟ್ಟೆ. ಚೆಕ್ಕಿನಲ್ಲಿ ಈಗ ಎಷ್ಟು ಬರೆದಿದೆ ಎಂದು ಹೇಳಿದಾಗ ಅವರು ಮೊದಲು ನಂಬಲಿಲ್ಲ. ‘ಒಂಬತ್ತೂವರೆ’ ಎಂದು ಮತ್ತೆ ಹೇಳಿದರು, ನಾನು ತಪ್ಪು ಓದಿದ್ದೇನೆ ಎನ್ನುವಂತೆ. ಮೂರನೇ ಸಲ ಹೇಳಿದಾಗ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. ‘ಮಗಳಿಗೆ ಏನಂತ ಹೇಳ್ಲಿ’ ಎಂದು ಕುರಿಗಳ ಕಡೆಗೆ ತಿರುಗಿ ಕೇಳಿದರು.

‘ಏನೂ ಹೇಳೋದು ಬ್ಯಾಡ. ಹಣ ಇನ್ನೂ ಹೋಗಿಲ್ಲ. ಬೇಗ ಒಂದು ಸಹಿ ಹಾಕ್ರಿ.’

ಜವಾನನ ಬೆನ್ನೇ ಮೇಜು. ಪಾವತಿ ತಡೆಯಲು ಕೋರುವ ಪತ್ರ ಬರೆದೆ: ಖಾತೆಯ ಸಂಖ್ಯೆ, ಚೆಕ್ಕಿನ ಸಂಖ್ಯೆ, ತಾನು ಒಪ್ಪಿದ ಮೊತ್ತ ಎಷ್ಟು, ಈಗ ಇರುವುದೆಷ್ಟು. ಓದಿ ಹೇಳಿದೆ. ಪೆನ್ನು ಕೊಟ್ಟೆ. ಯಜಮಾನರು ಪೆನ್ನನ್ನು ಬಿಗಿಯಾಗಿ ಹಿಡಿದು ಬಾಗಿದರು. ಮೊದಲ ಅಕ್ಷರ ಬಿದ್ದುಹೋಯಿತು, ಎರಡನೆಯದರ ಒತ್ತು ಎಲ್ಲೋ ಕೆಳಗೆ ಹರಿದುಹೋಯಿತು, ಮೂರನೆಯದು ಅಕ್ಷರವೇ ಅಲ್ಲ. ಇನ್ನೊಂದು ಸಲ ಹಾಕಿಸಿದೆ. ಮೊದಲಿನದಕ್ಕಿಂತ ಕಡೆ.

ಹಿರಿಯೂರಿನಿಂದ ಬಂದ ಚೆಕ್ಕಿನ ಮೇಲೆ ಸಹಿ ಹೊಂದುತ್ತದೆ, ಪಾವತಿ ಬೇಡ ಎನ್ನುವ ಪತ್ರದ ಮೇಲೆ ಹೊಂದುವುದಿಲ್ಲ. ನಿಯಮದ ಪ್ರಕಾರ ಆ ಪತ್ರವನ್ನು ನಾನು ತೆಗೆದುಕೊಳ್ಳುವ ಹಾಗಿರಲಿಲ್ಲ. ಎಷ್ಟೋ ಜನರ ಕಾಗದಗಳನ್ನು ಇದೇ ಕಾರಣ ಹೇಳಿ, ಮುಖ ಕೂಡ ಎತ್ತದೆ, ವಾಪಸ್ ತಳ್ಳಿದವಳು ನಾನು.

‘ಹೆಬ್ಬೆಟ್ಟು ಹಾಕ್ರಿ ಅಜ್ಜ’ ಅಂದೆ.

ಅವರಿಗೆ ಅವಮಾನವಾಯಿತು. ‘ಹೆಬ್ಬೆಟ್ಟಾ? ಸೈನು ಕಲ್ತೀನಲ್ಲ!’

‘ಕಲ್ತೀರಿ. ಇವತ್ತು ಹೆಬ್ಬೆಟ್ಟೂ ಬೇಕು.’

ಶಾಯಿ ಪ್ಯಾಡು ಶಾಖೆಯಲ್ಲಿತ್ತು. ಕುರಿಗಳ ಬೆನ್ನಿಗೆ ಗುರುತು ಹಾಕುವ ಕೆಂಪು ಬಣ್ಣದ ಡಬ್ಬಿ ಜಾಲಿಯ ಬುಡದಲ್ಲಿತ್ತು. ಅದರಲ್ಲೇ ಅದ್ದಿ ಒತ್ತಿಸಿದೆ. ಪಕ್ಕದಲ್ಲಿ ‘ನನ್ನ ಎದುರಿಗೆ ಹಾಕಿದ್ದು’ ಎಂದು ಬರೆದು ನನ್ನ ಸಹಿ, ನನ್ನ ನೌಕರಿಯ ಸಂಖ್ಯೆ, ಜವಾನನ ಸಾಕ್ಷಿ ಹಾಕಿದೆವು. ಗೆರೆಗಳೆಲ್ಲ ನಿಚ್ಚಳವಾಗಿ ಮೂಡಿದ್ದವು.

ಗುಡ್ಡದ ನೆತ್ತಿಯಲ್ಲಿ ಫೋನಿಗೆ ಎರಡು ಕಡ್ಡಿ ಬಂದಾಗ ಗಂಟೆ ಮೂರೂಮುಕ್ಕಾಲು.

‘ವಾಪಸ್ ಮಾಡಿ ಸರ್. ಖಾತೆದಾರರು ಪಾವತಿ ತಡೆದಿದ್ದಾರೆ.’

‘ಪತ್ರ ಎಲ್ಲಿದೆ?’

‘ನನ್ನ ಕೈಲಿದೆ.’

‘ಸಹಿ ಟ್ಯಾಲಿ ಆಗುತ್ತಾ?’

ಹೌದು ಅನ್ನಬಹುದಿತ್ತು. ‘ಇಲ್ಲ ಸರ್. ನನ್ನ ಮುಂದೆ ಹಾಕಿದ್ದು. ಹೆಬ್ಬೆಟ್ಟೂ ಇದೆ. ಏನೇ ಬಂದ್ರೂ ಜವಾಬ್ದಾರಿ ನನ್ನದು, ಹಾಗಂತ ಬರ್ಕೊಡ್ತೀನಿ.’

ಲೈನು ಹೋಯಿತೇನೋ ಎಂದು ಫೋನು ಕಿವಿಯಿಂದ ತೆಗೆದು ನೋಡಿದೆ. ಆಮೇಲೆ ಕೀಲಿಮಣೆಯ ಸದ್ದು ಕೇಳಿಸಿತು. ‘ಆಯ್ತು, ಕಳಿಸ್ದೆ’ ಅಂದರು. ‘ಬಿಸಿಲಲ್ಲಿ ನಿಲ್ಬೇಡಿ, ಬನ್ನಿ.’ ಆ ಒಂದು ಮಾತಿಗೆ ಅವರ ಮೇಲಿದ್ದ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಮರುದಿನ ಲಿಖಿತ ವಿವರಣೆ ಕೇಳಿ ಕಾಗದ ಕೊಟ್ಟಾಗ ಮತ್ತೆ ಏರಿತು, ಅದು ಬೇರೆ.

ಮಂಗಳವಾರ ಸಂಜೆ ಕೆಲಸ ಮುಗಿಸಿ ಯಜಮಾನರ ಮನೆಗೆ ಹೋದೆ. ಉಳಿದ ಹಾಳೆಗಳನ್ನು ನೋಡಬೇಕಿತ್ತು. ಮಗಳು ಟ್ರಂಕಿನಿಂದ ಅರಿಶಿನ ಬಟ್ಟೆಯ ಗಂಟು ತೆಗೆದು ನನ್ನ ಮುಂದಿಟ್ಟಳು. ಪುಸ್ತಕ ಬಿಚ್ಚಿದೆ. ಮೊದಲ ಹಾಳೆಯಲ್ಲಿ ಸಹಿ. ಮಗುಚಿದೆ, ಅದರಲ್ಲೂ ಸಹಿ. ಹದಿನೇಳು ಹಾಳೆ, ಹದಿನೇಳರಲ್ಲೂ ಸಹಿ. ಉಳಿದದ್ದೆಲ್ಲ ಬಿಳಿ. ಮೊದಲೇ ಹೋಗಿದ್ದ ಮೂರೂ ಹೀಗೇ ಹೋಗಿದ್ದವು. ಕುರಿ ಔಷಧದ ಅಂಗಡಿಯವರು, ಟಗರು ಮಾರಿದವರು ಸರಿಯಾಗಿ ಬರೆದುಕೊಂಡಿದ್ದರು.

‘ಅಜ್ಜ, ಇದೇನಿದು?’

‘ನೀವೇ ಅಂದ್ರಲ್ಲವ್ವ, ಎಲ್ಲ ಒಂದೇ ತರ ಇರ್ಬೇಕು ಅಂತ. ದಿನಕ್ಕೊಂದು ಹಾಕಿದ್ರೆ ದಿನಕ್ಕೊಂದು ತರ ಬರ್ತೈತೆ. ಕೈ ಸಮ ಇದ್ದ ದಿನ ನೋಡಿ, ಬೆಳಗ್ಗೆ ಕುಂತು, ಇಪ್ಪತ್ತೂ ಒಂದೇ ಸಲಕ್ಕೆ ಹಾಕ್ದೆ.’

ಮಗಳು ನನ್ನ ಮುಖ ನೋಡಿದಳು. ನನಗೆ ನಗು ಬಂತು, ನಗುವಿನ ಅರ್ಧದಲ್ಲಿ ಅಳು ಬಂತು. ಅಷ್ಟು ವಿಧೇಯ ಶಿಷ್ಯ ನನಗೆ ಹಿಂದೆಯೂ ಸಿಕ್ಕಿರಲಿಲ್ಲ, ಮುಂದೆಯೂ ಸಿಕ್ಕಿಲ್ಲ. ‘ತಪ್ಪು ನಂದು ಅಜ್ಜ. ಸಹಿ ಕಲಿಸ್ದೆ, ಅದನ್ನ ಕೊನೆಗೆ ಹಾಕ್ಬೇಕು ಅಂತ ಕಲಿಸ್ಲಿಲ್ಲ’ ಎಂದೆ. ಅವರಿಗೆ ನನ್ನನ್ನು ಹೇಗೆ ಸಮಾಧಾನ ಮಾಡಬೇಕೋ ತಿಳಿಯದೆ, ‘ಟೀ ಮಾಡವ್ವ ಮೇಡಮ್ಮಾರಿಗೆ’ ಎಂದು ಮಗಳನ್ನು ಗದರಿದರು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಅವತ್ತು ಎಲ್ಲ ಹೇಳಿಕೊಟ್ಟೆ, ಅಪ್ಪನಿಗೂ ಏಳನೇ ಕ್ಲಾಸು ಓದಿದ ಮಗಳಿಗೂ. ಹೆಸರಿನ ಜಾಗ ಖಾಲಿ ಬಿಟ್ಟರೆ ಚೆಕ್ಕು ಕೈಯಿಂದ ಕೈಗೆ ಹೋಗುತ್ತದೆ, ಯಾರ ಕೈಯಲ್ಲಿ ಕೊನೆಗೆ ಇರುತ್ತದೋ ಅವನ ಹೆಸರು ಬೀಳುತ್ತದೆ. ಅಂಕಿಯನ್ನು ಚೌಕದ ಎಡ ಅಂಚಿಗೆ ಅಂಟಿಸಿ ಬರೆಯಬೇಕು. ಅಕ್ಷರದಲ್ಲಿ ಬರೆದು ‘ಮಾತ್ರ’ ಹಾಕಿ ಉಳಿದ ಜಾಗಕ್ಕೆ ಗೆರೆ ಎಳೆಯಬೇಕು. ತಾರೀಖು ಇಲ್ಲದ ಚೆಕ್ಕಿಗೆ ಇನ್ನೊಬ್ಬನ ಮರ್ಜಿಯೇ ತಾರೀಖು. ಮೂಲೆಯಲ್ಲಿ ಎರಡು ಗೆರೆ ಎಳೆದರೆ ಹಣ ಖಾತೆಗೇ ಹೋಗುತ್ತದೆ, ಹೋದ ದಾರಿ ತಿಳಿಯುತ್ತದೆ. ಮಗಳು ಎಲ್ಲವನ್ನೂ ಎರಡು ಸಲ ಹೇಳಿಸಿದಳು.

ಆಮೇಲೆ ಕತ್ತರಿ ಕೇಳಿದೆ. ಯಜಮಾನರು ಪುಸ್ತಕದ ಮೇಲೆ ಕೈ ಇಟ್ಟರು.

‘ಹರೀಬ್ಯಾಡವ್ವ. ಅಷ್ಟು ಚೆಂದಾಗಿ ಮತ್ತೆ ಬರಲ್ಲ.’

‘ಒಂದು ಬಿಡ್ತೀನಿ. ಸೈಟಿಂದು.’

ಹದಿನಾರನ್ನು ಒಂದೊಂದಾಗಿ ಅಡ್ಡ ಕತ್ತರಿಸಿದೆ. ಅವರು ಒಲೆಯ ಕಡೆಗೆ ಮುಖ ಮಾಡಿ ಕೂತಿದ್ದರು. ಬ್ಯಾಂಕಿನಲ್ಲಿ ಸಾವಿರಾರು ಕಾಗದ ಹರಿದಿದ್ದೇನೆ, ಅವತ್ತಿನಷ್ಟು ಕೈ ಭಾರವಾದದ್ದಿಲ್ಲ. ಉಳಿದ ಒಂದರಲ್ಲಿ ಸೈಟಿನವರ ಹೆಸರು, ಗುರುವಾರದ ತಾರೀಖು, ಮೂರು ಲಕ್ಷ ಇಪ್ಪತ್ತೈದು ಸಾವಿರ ಮಾತ್ರ ಎಂದು ಮಗಳು ಬರೆದಳು. ಪ್ರತಿ ಅಕ್ಷರವನ್ನೂ ಅಪ್ಪನಿಗೆ ಓದಿ ಹೇಳಿದಳು.

ಹಿಂಡಿ ಅಂಗಡಿಯವರು ಬುಧವಾರ ಶಾಖೆಗೆ ಬಂದು ಕುಸಿದು ಕೂತರು. ಅವರು ಬರೆದದ್ದು ಬರೀ 9,500. ಹೆಸರು, ಅಕ್ಷರ ಖಾಲಿ ಬಿಟ್ಟು, ಹಿಂಡಿ ತಂದುಕೊಡುವ ಏಜೆಂಟನಿಗೆ ತಮ್ಮ ಬಾಕಿಗೆಂದು ಹಾಗೇ ದಾಟಿಸಿದ್ದರು. ದಾಟಿಸುವಾಗ ಯಜಮಾನರ ಸೈಟಿನ ಸುದ್ದಿಯನ್ನೂ ಮಾತಿಗೆ ಮಾತು ಅಂತ ಹೇಳಿದ್ದರು. ಆ ಏಜೆಂಟನನ್ನು ಅವರೇ ಹುಡುಕಿ ಹಿಡಿದು, ನಾಲ್ಕು ಜನರನ್ನು ಕೂರಿಸಿ, ವಾಪಸ್ಸಾದ ಚೆಕ್ಕನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಕಾಗದದ ಮೇಲೆ ಎರಡು ಬಣ್ಣದ ನೀಲಿ ಇತ್ತು. ಪರದೆಯ ಚಿತ್ರದಲ್ಲಿ ಅದು ಕಾಣಿಸಿರಲಿಲ್ಲ. ಪೊಲೀಸು ಬೇಡ ಎಂದರು ಯಜಮಾನರು. ನಾನು ಬೇಕು ಅಂದೆ. ಅವರದೇ ನಡೆಯಿತು.

ಗುರುವಾರ ನೋಂದಣಿಯಾಯಿತು. ಎರಡು ದಿನ ಬಿಟ್ಟು ಆ ಚೆಕ್ಕು ನಮ್ಮ ಪರದೆಗೆ ಬಂದಾಗ ನಾನೇ ಪಾಸು ಮಾಡಿದೆ.

ಈಗ ದೊಡ್ಡ ಚೆಕ್ಕಿನ ವಿವರವನ್ನು ಮೊದಲೇ ಬ್ಯಾಂಕಿಗೆ ತಿಳಿಸುವ ವ್ಯವಸ್ಥೆ ಬಂದಿದೆ, ಚೆಕ್ಕು ಬರೆಯುವವರೇ ಕಡಿಮೆಯಾಗಿದ್ದಾರೆ. ಒಳ್ಳೆಯದೇ. ಆದರೂ ‘ಬರ್ಕಳ್ರಿ’ ಎಂದು ಹೆಸರನ್ನೇ ಇನ್ನೊಬ್ಬರ ಕೈಗಿಡುತ್ತಿದ್ದ ಆ ಜನರ ನೆನಪಾದರೆ ನನಗೆ ಬುದ್ಧಿ ಹೇಳುವ ಮನಸ್ಸಾಗುವುದಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಯಾರೂ ಮೋಸ ಮಾಡಲಿಲ್ಲ ಎನ್ನುವುದೂ ನಿಜ.

ಒಂದೂವರೆ ವರ್ಷದ ಮೇಲೆ ಯಜಮಾನರು ಮಗಳ ಜೊತೆ ಬಂದರು. ಸೈಟಿನಲ್ಲಿ ಎರಡು ಕೋಣೆ ಎದ್ದಿದ್ದವು. ಅವಳಿಗೆ ತನ್ನ ಹೆಸರಿನಲ್ಲಿ ಖಾತೆ ಬೇಕಿತ್ತು. ಅರ್ಜಿಯನ್ನು ಅವಳೇ ತುಂಬಿದಳು. ಹಳೆಯ ಆಧಾರ್ ಕಾರ್ಡಿನಲ್ಲಿ ವಿಳಾಸ ಅಂದರೆ ಅಪ್ಪನ ಹೆಸರು, ಅಪ್ಪನ ಮನೆ. ಈಗ ಹೊಸ ಕಾರ್ಡು ತಂದಿದ್ದಳು.

‘ಏನ್ ಬರೆದೆ ಓದವ್ವ’ ಅಂದರು ಯಜಮಾನರು.

ಅವಳು ಓದಿದಳು: ತನ್ನ ಹೆಸರು, ಮನೆ ನಂಬರು, ಅಡ್ಡರಸ್ತೆ, ಹೊಳಲ್ಕೆರೆ.

‘ಇನ್ನೊಂದ್ಸಲ ಓದು.’

ಮತ್ತೆ ಓದಿದಳು. ಅವರು ಕೌಂಟರಿನ ಮೇಲೆ ಬಾಗಿ ನನ್ನನ್ನು ಕೇಳಿದರು: ‘ವಿಳಾಸದಾಗೆ ನನ್ನ ಹೆಸ್ರು ಎಲ್ಲೂ ಬರಲಿಲ್ವಲ್ಲ ಮೇಡಮ್ಮಾರೆ?’

‘ಇಲ್ಲ ಅಜ್ಜ. ಇನ್ಮೇಲೆ ಅದಕ್ಕೆ ನಿಮ್ಮ ಹೆಸ್ರು ಬ್ಯಾಡ.’

ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡು ಅವರು ಮಗಳ ಕಡೆ ತಿರುಗಿದರು. ‘ಬ್ಯಾಡ’ ಅಂದರು. ‘ಅದಕ್ಕೇ ಅಲ್ವ ಇಷ್ಟೆಲ್ಲ ಮಾಡಿದ್ದು.’